ನನ್ನ ಬುತ್ತಿ ನಾನುಣ್ಣದ ವರ್ಷ

ಮೊನ್ನೆ ಜಮಖಂಡಿ ಬಸ್ ನಿಲ್ದಾಣದಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮುಧೋಳದ ಒಂದು ಪಿಯು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಮನೆ ಜಮಖಂಡಿಯಲ್ಲಿ, ದಿನಾ ಓಡಾಟ. ಅಷ್ಟರಲ್ಲಿ ಹಳ್ಳಿಯ ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ ಡ್ರೈವರನ ಹಿಂದಿನಿಂದ ಬುತ್ತಿ ಗಂಟುಗಳನ್ನು ಎತ್ತಿ ಕಿಟಕಿಯಿಂದ ಕೊಡತೊಡಗಿದ. ಒಬ್ಬ ಹುಡುಗಿ ತನ್ನ ಗಂಟನ್ನು ಅಲ್ಲೇ ಸ್ವಲ್ಪ ಸಡಿಲಿಸಿ ಮೂಸಿ ನೋಡಿದಳು. ಪುಂಡಿಪಲ್ಯದ ಹುಳಿವಾಸನೆ, ಒಗ್ಗರಣೆಯ ಬೆಳ್ಳುಳ್ಳಿ, ಬಿಸಿ ಆರದ ಜೋಳದ ರೊಟ್ಟಿ. ಆಕೆಯ ಗೆಳತಿ ಹೇಳಿದಳು: "ನಿನ್ನಿದು ಉಪ್ಪು ಕಮ್ಮಿ ಆಗಿತ್ತ ನೋಡಲೇ. ಇವತ್ತ ಮತ್ತೊಮ್ಮೆ ಮಾಡಬೇಕ ನೀ."

ಬದಿಯ ಬೆಂಚಿನ ಮೇಲಿದ್ದ ಹಿರಿಯ ಹೆಂಗಸಿಗೆ ತಡೆಯಲಾಗಲಿಲ್ಲ. "ಅಯ್ಯ, ಉಪ್ಪು ಕಮ್ಮಿಯಾದ್ರ ಮ್ಯಾಲ ಹಾಕ್ಕೊಂಡ ಉಣ್ಣಬೇಕವಾ. ಮತ್ತೊಮ್ಮೆ ಯಾಕ ಮಾಡೂದು?" ಹುಡುಗಿಯರು ಕಿಸಕ್ಕನೆ ನಕ್ಕು ಓಡಿದರು. ನಾನೂ ನಕ್ಕೆ, ನಗುತ್ತ ನಗುತ್ತ ಕಣ್ಣು ತುಂಬಿ ಬಂದವು. ಅವರು ಆಡಿದ್ದು ಪಲ್ಯದ ಮಾತಲ್ಲ. ಇಡೀ ನಿಲ್ದಾಣದಲ್ಲಿ ಅದು ಗೊತ್ತಿದ್ದದ್ದು ಅವರಿಬ್ಬರಿಗೆ ಮತ್ತು ನನಗೆ ಮಾತ್ರ.

ನಮ್ಮ ಸೀಮೆಯವರಿಗೆ ಬುತ್ತಿಯ ವಿಷಯ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಊರು ಬಿಟ್ಟು ಓದುವ ಮಕ್ಕಳಿಗೆ ಅವ್ವಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಅರಿವೆಯಲ್ಲಿ ಕಟ್ಟಿ ಮೊದಲ ಬಸ್ಸಿಗೆ ಕೊಟ್ಟು ಕಳಿಸುತ್ತಾರೆ. ಮಕ್ಕಳು ಈ ತುದಿಯಲ್ಲಿ ಇಳಿಸಿಕೊಳ್ಳುತ್ತಾರೆ. ಗಂಟಿನ ಮೇಲೆ ಹೆಸರು ಗಿಸರು ಏನೂ ಇರುವುದಿಲ್ಲ. ಅವ್ವನ ಹಳೆ ಸೀರೆಯ ತುಂಡೇ ಗುರುತು.

ನಾನು ಬಿ.ಎಸ್ಸಿ. ಮೊದಲ ವರ್ಷಕ್ಕೆ ಜಮಖಂಡಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದವಳು. ಬನಹಟ್ಟಿಯ ನೇಕಾರರ ಮಗಳು. ಮನೆಯಲ್ಲಿ ಎರಡು ಪಾವರ್‌ಲೂಮು ಬೆಳಗಿನಿಂದ ಖಟಾಖಟ್ ಹೊಡೆದುಕೊಳ್ಳುತ್ತಿದ್ದರೆ, ಒಂದು ತಂಬಿಗೆ ನೀರು ಕೊಡು ಅನ್ನುವುದಕ್ಕೂ ಒದರಬೇಕು. ಹೀಗಾಗಿ ನಮ್ಮ ಓಣಿಯವರ ದನಿಯೇ ದೊಡ್ಡದು. ಅಕ್ಕರೆಯಿಂದ ಮಾತಾಡಿದರೂ ಜಗಳ ಕಾಯುತ್ತಿದ್ದೇವೆ ಅಂತ ಪರವೂರಿನವರು ತಿಳಿಯುತ್ತಾರೆ. ಹಾಸ್ಟೆಲಿಗೆ ಬಂದ ದಿನ "ಅಕ್ಕಾರ, ಬಚ್ಚಲ ಎಲ್ಲೈತ್ರಿ?" ಅಂತ ನಾನು ಕೇಳಿದ್ದಕ್ಕೆ ಮೇಲಿನ ಮಾಳಿಗೆಯ ಹುಡುಗಿಯರೆಲ್ಲ ಗಾಬರಿಯಾಗಿ ಕೆಳಗೆ ಇಣುಕಿದ್ದರು.

ಅಂಥ ಬಾಯಿ ಕಾಲೇಜಿನ ಬಾಗಿಲು ದಾಟಿದ ಕೂಡಲೇ ಬಿದ್ದು ಹೋಗುತ್ತಿತ್ತು. ಹತ್ತನೆಯತನಕ ಕನ್ನಡದಲ್ಲಿ ಓದಿದವಳು ನಾನು. ಪಿಯುಸಿ ಎರಡು ವರ್ಷ ಇಂಗ್ಲಿಷನ್ನು ಬಾಯಿಪಾಠ ಹೊಡೆದು ಹೇಗೋ ದಾಟಿದ್ದೆ. ಡಿಗ್ರಿಯಲ್ಲಿ ಬಾಯಿಪಾಠದ ಗಾಡಿ ಮುಂದೆ ಹೋಗಲೊಲ್ಲದು. ಫಿಜಿಕ್ಸ್ ಸರ್ ಒಳ್ಳೆಯವರೇ, ಆದರೆ ಅವರು ಬೋರ್ಡಿನ ಕೂಡ ಮಾತಾಡುತ್ತಿದ್ದರು. ಕೊನೆಗೆ ತಿರುಗಿ "ಕ್ಲಿಯರ್?" ಅನ್ನುವರು. ನಾವೆಲ್ಲ "ಯೆಸ್ ಸರ್" ಅನ್ನುತ್ತಿದ್ದೆವು. ನನಗೆ ಕ್ಲಿಯರ್ ಆಗಿದ್ದು ಒಂದೇ, ಗಂಟೆ ಹೊಡೆಯಿತು ಅನ್ನುವುದು.

ಇತ್ತ ಅಪ್ಪನ ಮಾತೊಂದು ತಲೆಯ ಮೇಲಿತ್ತು. ಅಕ್ಕ ಮದುವೆಯಾಗಿ ಹೋದ ಮೇಲೆ ಕಂಡಿಕೆ ಸುತ್ತುವ ರಾಟಿಗೆ ಕೂಡುವವರಿರಲಿಲ್ಲ. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡದಿದ್ದರೆ ಮಗ್ಗ ಹೊಟ್ಟೆಗಿಲ್ಲದೆ ನಿಲ್ಲುತ್ತದೆ. ಆ ಕೆಲಸವೂ ಅವ್ವನ ಹೆಗಲಿಗೇ ಬಿದ್ದು, ಆಕೆಯ ಬಲಗೈ ಎತ್ತಲು ಬರದಂತೆ ನೋಯುತ್ತಿತ್ತು. ನನ್ನನ್ನು ಬಸ್ಸಿಗೆ ಹತ್ತಿಸುವಾಗ ಅಪ್ಪ ಸಿಟ್ಟಿನಿಂದಲ್ಲ, ಸಣ್ಣ ಮುಖ ಮಾಡಿಕೊಂಡೇ ಹೇಳಿದ: "ಸುಧಾ, ಮೊದಲ ಸೆಮಿಸ್ಟರ್ ನೋಡೂಣವಾ. ಎಲ್ಲಾದ್ರಾಗೂ ಪಾಸಾದ್ರ ಮುಂದ ಓದ. ಒಂದು ಹ್ವಾದ್ರೂ ಮನಿಗೆ ಬಂದಬಿಡ. ನಿಮ್ಮವ್ವನ ಕೈ ನೋಡಿಯಿಲ್ಲೋ?" ನಾನು ನೋಡಿದ್ದೆ. ಹೂಂ ಅಂತ ತಲೆಯಾಡಿಸಿ ಬಸ್ಸು ಹತ್ತಿದೆ.

ಹಾಸ್ಟೆಲಿನಲ್ಲಿ ರಾತ್ರಿ ಮಾತ್ರ ಅನ್ನ, ಸಾರು. ಮಧ್ಯಾಹ್ನಕ್ಕೆ ಅವರವರ ಬುತ್ತಿ. ಮೊದಲ ದಿನ ನಾನು ನನ್ನ ಗಂಟು ಹಿಡಿದು ಮೂಲೆ ಹುಡುಕುತ್ತಿದ್ದಾಗ ಹಿತ್ತಲ ಬೇವಿನ ಗಿಡದ ಕೆಳಗಿನಿಂದ ಒಬ್ಬಳು ಕೂಗಿದಳು. ಆಕೆ ನೀಲಕ್ಕ, ಕೊನೆಯ ವರ್ಷದವಳು. ಕೃಷ್ಣೆಯ ಆಚೆ ದಂಡೆಯ ಹಳ್ಳಿಯಲ್ಲಿ ಕಬ್ಬು ಬೆಳೆಯುವವರ ಮನೆಯವಳು, ಗಟ್ಟಿ ಹೆಣ್ಣು. ಜೊತೆಗೆ ಬೀಳಗಿಯ ರೇಣುಕಾ ಇದ್ದಳು, ನನ್ನದೇ ಕ್ಲಾಸು, ಹಾಸ್ಟೆಲಿಗೆ ನನಗಿಂತ ವಾರ ಮೊದಲೇ ಬಂದವಳು. ಇನ್ನಿಬ್ಬರು ಮುಧೋಳ ಕಡೆಯ ಹೊಳೆದಂಡೆಯ ಹಳ್ಳಿಗಳವರು.

"ಬಾ ತಂಗಿ, ಕುಂದರ. ಬುತ್ತಿ ನಡಕ ಇಡ," ಅಂದಳು ನೀಲಕ್ಕ.

ಇಟ್ಟೆ. ಆಕೆ ನನ್ನ ಗಂಟನ್ನು ರೇಣುಕಾಳ ಕಡೆ ಸರಿಸಿ, ರೇಣುಕಾಳದನ್ನು ನನ್ನ ಮುಂದಿಟ್ಟಳು.

"ಅಕ್ಕಾ, ಅದು ನಂದ್ರಿ!"

"ಗೊತ್ತೈತಿ. ಇಲ್ಲಿ ಯಾರೂ ತಮ್ಮ ಬುತ್ತಿ ತಾವು ಉಣ್ಣಾಂಗಿಲ್ಲ. ಮತ್ತ ಯಾರ ಬುತ್ತಿ ಉಂಡೀಯೋ, ಸಂಜಿಕ ಅವರಿಗೆ ಒಂದು ಪಾಠ ಹೇಳಬೇಕು. ಅವತ್ತ ಕ್ಲಾಸಿನಾಗ ನಿನಗ ಏನ ತಿಳಿದೈತೋ ಅದು."

"ಏನೂ ತಿಳಿದಿಲ್ಲಂದ್ರ?"

"ಉಪಾಸ!" ಅಂದರು ನಾಲ್ಕೂ ಜನ ಒಟ್ಟಿಗೆ.

ರೇಣುಕಾಳ ಮನೆಯ ಬದನೆಕಾಯಿ ಎಣಗಾಯಿ ನೋಡಿದ ಮೇಲೆ ಉಪವಾಸದ ಮಾತೆಲ್ಲಿ! ಬೆರಳು ನೆಕ್ಕಿಕೊಂಡು ಉಂಡೆ. ಸಂಜೆ ಸಿಕ್ಕಿಬಿದ್ದೆ. ನೋಟ್ಸಿನ ಇಂಗ್ಲಿಷನ್ನು ಉಸಿರು ಬಿಡದೆ ಒಪ್ಪಿಸಿದೆ. ರೇಣುಕಾ ಗಲ್ಲಕ್ಕೆ ಕೈಯಿಟ್ಟುಕೊಂಡು ಕೇಳಿ, "ಉಪ್ಪು ಕಮ್ಮಿ ಆತು," ಅಂದಳು.

ನನಗೆ ಸರ್ರನೆ ಸಿಟ್ಟು ಬಂತು. "ಅದು ನಿಮ್ಮವ್ವ ಮಾಡಿದ್ದು. ನನಗ್ಯಾಕ ಬೈತಿ?"

ಬಿದ್ದು ಬಿದ್ದು ನಕ್ಕರು. ಆಮೇಲೆ ನೀಲಕ್ಕ ತಿಳಿಸಿ ಹೇಳಿದಳು. ಹೇಳಿದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ 'ತಿಳೀಲಿಲ್ಲ' ಅನ್ನುವ ಹಾಗಿಲ್ಲ ಇಲ್ಲಿ. ಹಾಗೆಂದರೆ ಕೇಳುವವಳು ದಡ್ಡಿ ಅಂದಂತಾಗುತ್ತದೆ. 'ಉಪ್ಪು ಕಮ್ಮಿ' ಅಂದರೆ ತಪ್ಪು ಯಾರದೂ ಅಲ್ಲ. ಒಂದು ಚಿಟಿಕೆ ಹಾಕಿದರಾಯಿತು. ಈ ಪದ್ಧತಿ ಹಾಕಿದವರು ಯಾರೋ ಆಕೆಗೂ ಗೊತ್ತಿರಲಿಲ್ಲ. ಆಕೆಯನ್ನು ಹೀಗೇ ಕರೆದು ಕೂಡಿಸಿದ ಅಕ್ಕಂದಿರಿಗೂ ಗೊತ್ತಿರಲಿಲ್ಲವಂತೆ. "ನನಗೂ ಮೊದಲ ವರ್ಷ ಎರಡು ವಿಷಯ ಹೋಗಿದ್ದುವು," ಅಂದಳು ನೀಲಕ್ಕ, ಹಲ್ಲಿನ ಸಂದಿಯ ಸೊಪ್ಪು ತೆಗೆಯುತ್ತ. "ಆ ಅಕ್ಕಗೋಳ ಬುತ್ತಿ ಉಂಡ ಮತ್ತ ಕಟ್ಟಿ ಪಾಸಾದ್ನಿ."

ಅವ್ವನಿಗೆ ಫೋನಿನಲ್ಲಿ ಈ ಸಂಗತಿ ಹೇಳಿದೆ ನೋಡಿ, ಆಕೆ ಕೆಂಡವಾದಳು. "ಏನ ಹುಚ್ಚರ ಪದ್ಧತಿ ಬೇ ಇದು! ಕೈ ನೋವಾದ್ರೂ ನನ್ನ ಮಗಳು ಉಣ್ಣಲಿ ಅಂತ ನಾ ರೊಟ್ಟಿ ಬಡಿತೇನಿ. ನೀ ಉಣ್ಣಾಂಗಿಲ್ಲಂದ್ರ ನಾ ಯಾರ ಸಲುವಾಗಿ ಮಾಡ್ಲಿ?" ಮರುದಿನ ಮಾತ್ರ ಗಂಟು ಸ್ವಲ್ಪ ಭಾರವಾಗಿತ್ತು.

ದಿನಗಳು ಹೋದವು. ರೇಣುಕಾ ಗಣಿತ ಹೇಳಿದರೆ ಕಲ್ಲಿಗೂ ತಿಳಿಯುತ್ತಿತ್ತು. ನಾನು ಹೇಳಿದ್ದೆಲ್ಲ ಉಪ್ಪು ಕಮ್ಮಿ, ಉಪ್ಪು ಕಮ್ಮಿ. ಶ್ರಾವಣದ ಹೊತ್ತಿಗೆ ಕಾಲೇಜಿನಲ್ಲಿ ಮೊದಲ ಟೆಸ್ಟ್ ಆಯಿತು. ಫಿಜಿಕ್ಸಿನಲ್ಲಿ ನನಗೆ ಬಂದ ಮಾರ್ಕ್ಸನ್ನು ಇವತ್ತು ನನ್ನ ವಿದ್ಯಾರ್ಥಿಗಳ ಮುಂದೆ ಹೇಳಿದರೆ ಅವರು ನನ್ನ ಕ್ಲಾಸಿಗೇ ಬರಲಿಕ್ಕಿಲ್ಲ. ಖೋಲಿಗೆ ಬಂದು ಚೀಲ ತುಂಬತೊಡಗಿದೆ. ಹೇಗೂ ಹೋಗುವುದೇ, ಈಗಲೇ ಹೋದರೆ ಅವ್ವನ ಕೈಗಾದರೂ ಆರಾಮ ಸಿಗುತ್ತದೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಅವಮಾನವಾಗಿತ್ತು.

ನೀಲಕ್ಕ ಬಾಗಿಲಲ್ಲಿ ನಿಂತು ನೋಡಿದಳು. ತಡೆಯಲಿಲ್ಲ. "ಹೋಗವಾ, ಹೋಗ. ಆದ್ರ ಇವತ್ತ ರೇಣುಕಾನ ಬುತ್ತಿ ಉಂಡೀಯಲ್ಲ? ಆ ಪಾಠ ಹೇಳಿ ಹೋಗ. ಬಾಕಿ ಇಟ್ಟ ಹೋಗೂದು ಚೊಲೋ ಅಲ್ಲ."

ಆ ಸಂಜೆ ಹೇಳಿದ ಪಾಠವೂ ಉಪ್ಪು ಕಮ್ಮಿಯೇ ಆಯಿತು. "ನಾಳಿ ಮತ್ತೊಮ್ಮೆ ಹೇಳಬೇಕಾಕ್ಕೈತಿ," ಅಂದಳು ರೇಣುಕಾ, ಮುಖದ ಮೇಲೆ ನಗೆಯ ಗುರುತೇ ಇಲ್ಲದಂತೆ. ಹೀಗಾಗಿ ನಾನು ನಿಂತೆ.

ಮರುದಿನವೇ ಹೊಳೆ ಬಂತು. ನಮ್ಮ ಸೀಮೆಯ ಹೊಳೆಯೇ ಹೀಗೆ. ಇಲ್ಲಿ ಹನಿ ಮಳೆ ಇಲ್ಲ, ನೆತ್ತಿಯ ಮೇಲೆ ಬಿಸಿಲು, ದನದ ಮೈಯೂ ನೆನೆದಿಲ್ಲ. ಎಲ್ಲೋ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಇಲ್ಲಿ ಬಂದು ಹೊಲ ಹೊಗುತ್ತದೆ. ಮುಧೋಳದ ಕಡೆ ಘಟಪ್ರಭೆ ಸೇತುವೆಯ ಮೇಲೆ ನೀರು. ಇತ್ತ ಕೃಷ್ಣೆ ದಾರಿ ಕಟ್ಟಿದಳು. ಬೀಳಗಿಯ ಬಸ್ಸು ಅರ್ಧದಿಂದಲೇ ಹೊಳ್ಳಿ ಹೋಯಿತು. ನಿಲ್ದಾಣದಲ್ಲಿ ಐವರೂ ಕಾದು ನಿಂತೆವು. ಬಂದದ್ದು ಬನಹಟ್ಟಿಯ ಬಸ್ಸೊಂದೇ, ಇಳಿದದ್ದು ನಮ್ಮವ್ವನ ಬುತ್ತಿಯೊಂದೇ. ಟಿವಿಯಲ್ಲಿ ಹೊಳೆಯ ಸುದ್ದಿ ನೋಡಿದ್ದಳೋ ಏನೋ, ಗಂಟು ಮಗುವಿನಷ್ಟು ದೊಡ್ಡದಿತ್ತು. ರೊಟ್ಟಿಯ ಕಟ್ಟು, ಹೆಸರುಕಾಳ ಪಲ್ಯ, ಶೇಂಗಾ ಚಟ್ನಿ, ಮೇಲೊಂದು ಮೊಸರಿನ ಡಬ್ಬಿ.

ಬೇವಿನ ಕೆಳಗೆ ಎಲ್ಲರೂ ಅದನ್ನು ಹಂಚಿಕೊಂಡರು. ನಾನು ಖಾಲಿ ತಾಟು ಹಿಡಿದು ಕೂತೆ. ಪದ್ಧತಿ ಅಂದರೆ ಪದ್ಧತಿ. ಇರುವುದೊಂದೇ ಬುತ್ತಿ, ಅದು ನನ್ನದು. ನಾನು ಉಣ್ಣುವ ಹಾಗಿಲ್ಲ!

"ಅಯ್ಯೋ, ಇವತ್ತೊಂದಿನ ಬಿಡ್ರಿ ಅಕ್ಕಾ," ಅಂದಳು ರೇಣುಕಾ.

"ಬಿಡಾಂಗಿಲ್ಲ," ಅಂದಳು ನೀಲಕ್ಕ. ಒಂದು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಪಕ್ಕದವಳ ಕೈಗಿಟ್ಟಳು. ಆಕೆ ಇನ್ನೊಬ್ಬಳಿಗೆ, ಇನ್ನೊಬ್ಬಳು ರೇಣುಕಾಗೆ, ರೇಣುಕಾ ನನ್ನ ತಾಟಿಗೆ. "ನಮ್ಮೆಲ್ಲರ ಕೈಯಾಗ ಹಾದು ಬಂತಿಲ್ಲೋ? ಈಗ ಅದು ನಿಂದಲ್ಲ, ನಮ್ದು. ಉಣ್ಣ."

ಉಂಡೆ. ಅರ್ಧ ಉಂಡ ಮೇಲೆ ರೇಣುಕಾಳ ಲೆಕ್ಕದ ತಲೆ ಓಡಿತು. "ತಡೀರಿ. ನಾವು ನಾಕೂ ಮಂದಿ ಸುಧಾನ ಬುತ್ತಿ ಉಂಡೇವಿ. ಅಂದ್ರ ನಾವೆಲ್ಲ ಆಕಿಗೆ ಪಾಠ ಹೇಳಬೇಕು. ಆಕಿ ನಮ್ಮೆಲ್ಲರ ಕೈಯಿಂದ ಉಂಡಾಳ. ಅಂದ್ರ ಆಕಿ ನಮ್ಮೆಲ್ಲರಿಗೂ ಹೇಳಬೇಕು!"

ಹೊಳೆ ಇಳಿಯುವತನಕ ಇದೇ ನಡೆಯಿತು. ಅಷ್ಟೂ ದಿನ ಬನಹಟ್ಟಿಯ ಬುತ್ತಿಯೇ ಐವರ ಊಟ. ಅಷ್ಟೂ ಸಂಜೆ ನಾಲ್ವರು ನನ್ನನ್ನು ನಡುವೆ ಕೂಡಿಸಿ ಹೇಳುವುದು, ಆಮೇಲೆ ಅದನ್ನೇ ನಾನು ಒಬ್ಬೊಬ್ಬರಿಗೂ ತಿರುಗಿ ಹೇಳುವುದು. ಅವ್ವ ಫೋನಿನಲ್ಲಿ "ಎಲ್ಲಾರಿಗೂ ಸಾಕಾತಿಲ್ಲೋ?" ಅಂತ ಕೇಳತೊಡಗಿದ್ದಳು. ಯಾರ ಸಲುವಾಗಿ ಮಾಡಲಿ ಅನ್ನುವ ಮಾತು ಮತ್ತೆ ಬರಲಿಲ್ಲ.

ಆ ಸಂಜೆಗಳಲ್ಲಿ ಒಂದನ್ನು ಮರೆಯಲಾರೆ. ನೀಲಕ್ಕನ ಊರಿಗೆ ನೀರು ಹೊಕ್ಕಿತ್ತು. ಮನೆಯವರು ದನಕರು ಹೊಡೆದುಕೊಂಡು ದಿನ್ನೆಯ ಮೇಲಿನ ಶಾಲೆಗೆ ಹೋಗಿದ್ದಾರೆ ಅಂತ ಯಾರೋ ಹೇಳಿದ್ದಷ್ಟೇ ಸುದ್ದಿ. ಫೋನು ಹತ್ತುತ್ತಿರಲಿಲ್ಲ. ಆಕೆ ಫೋನನ್ನು ಮುಂದಿಟ್ಟುಕೊಂಡು, ಅದರ ಮೇಲೊಂದು ಕಣ್ಣಿಟ್ಟುಕೊಂಡೇ ನನಗೆ ಪಾಠ ಹೇಳುತ್ತಿದ್ದಳು. ಇವತ್ತು ಬೇಡ ಅಕ್ಕಾ ಅಂದರೆ, "ಸುಮ್ಮ ಕುಂತ್ರ ಜೀವ ಹಾರತೈತಿ. ಕೇಳ," ಅಂದಳು.

ಅವತ್ತಿನ ಪಾಠ ಮೊಮೆಂಟ್ ಆಫ್ ಇನರ್ಷಿಯಾ, ಕನ್ನಡದಲ್ಲಿ ಜಡತ್ವದ ಭ್ರಮಣಾಂಕ. ಹೆಸರು ಕೇಳಿಯೇ ನನಗೆ ಭ್ರಮೆ ಹಿಡಿದಿತ್ತು.

"ಕಂಡಿಕಿ ಸುತ್ತಾಕ ರಾಟಿ ತಿರುವೀಯಲ್ಲ? ಜೋರು ಯಾವಾಗ ಬೇಕು, ಶುರುವಿಗೋ, ಆಮ್ಯಾಲೋ?"

"ಶುರುವಿಗ್ರಿ. ಒಮ್ಮೆ ತಿರುಗಿತಂದ್ರ ತಾನs ಹೊಕ್ಕೈತಿ. ನಿಂದ್ರಸಾಕೂ ಜೋರು ಬೇಕು."

"ಈಗ ಒಂದು ಕಲ್ಲು ಆ ಗಾಲಿಗೆ ಕಟ್ಟಿದಿ ಅಂತ ತಿಳಿ. ನಡುವಿನ ಗುಂಬಕ್ಕ ಹತ್ತಿರ ಕಟ್ಟಿದ್ರ ಹಗರೋ, ಅಂಚಿಗೆ ಕಟ್ಟಿದ್ರ ಹಗರೋ?"

ಕಣ್ಣು ಮುಚ್ಚಿದೆ. ನಮ್ಮ ಮನೆಯ ರಾಟಿ, ನನ್ನ ಕೈ, ಅವ್ವನ ಕೈ. "ಅಂಚಿಗೆ ಕಟ್ಟಿದ್ರ ತಿರುವಾಕ ಕೈ ಸೋತ ಹೊಕ್ಕಾವ್ರಿ!" ಅಂತ ಒದರಿದೆ.

"ಕಲ್ಲು ಅದs. ತೂಕ ಅಷ್ಟs. ದೂರ ಹೆಚ್ಚಾತು. ಅದs ಅದು, ಮತ್ತೇನಿಲ್ಲ."

ಮೈ ಜುಂ ಅಂದಿತು. ಇಷ್ಟು ದಿನ ಬೋರ್ಡಿನ ಮೇಲೆ ಬಿಳಿ ಗೆರೆಯಾಗಿದ್ದದ್ದು ನನ್ನ ಮನೆಯ ಮೂಲೆಯಲ್ಲಿತ್ತು. ನೀಲಕ್ಕನಿಗೆ ಅದನ್ನೇ ತಿರುಗಿ ಹೇಳುತ್ತಿದ್ದಾಗ ಫೋನು ರಿಂಗಾಯಿತು. ಆಕೆಯ ಅಪ್ಪ. ಎಲ್ಲರೂ ಆರಾಮ, ದನಗಳೂ ಬದುಕಿದ್ದವು. ಅಷ್ಟು ಗಟ್ಟಿ ಹೆಣ್ಣು ನನ್ನ ಹೆಗಲ ಮೇಲೆ ತಲೆಯಿಟ್ಟು ಹೋ ಎಂದು ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ನಿಂದು ಉಪ್ಪು ಬರೋಬ್ಬರಿ ಆಗೇತಿ," ಅಂದಳು. ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಹೊಳೆ ಇಳಿಯಿತು, ಬಸ್ಸು ಬಂದವು, ಕ್ಲಾಸಿಗೆ ಹೋದೆವು. ಸರ್ ಅದೇ ಪಾಠ ತೆಗೆದಿದ್ದರು. ಬೋರ್ಡು ತುಂಬ ಬರೆದು, ತಿರುಗಿ "ಕ್ಲಿಯರ್?" ಅಂದರು. ಎಲ್ಲರೂ ಯೆಸ್ ಸರ್ ಅನ್ನುವಷ್ಟರಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಎದ್ದು ನಿಂತು, ಎರಡು ಮಗ್ಗದ ಸಪ್ಪಳ ಮೀರಿಸುವ ದನಿಯಲ್ಲಿ, "ಸರ್, ಉಪ್ಪು ಕಮ್ಮಿ ಆತ್ರಿ!" ಅಂದೆ.

ಕ್ಲಾಸಿನಲ್ಲಿ ಮಾಳಿಗೆ ಹಾರುವಂತೆ ನಗೆ. ರೇಣುಕಾ ದುಪ್ಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ನನ್ನ ಕಿವಿ ಕಾದ ಹಂಚಾಗಿದ್ದವು. ಸರ್ ಸೀಮೆಸುಣ್ಣ ಕೆಳಗಿಟ್ಟರು. "ಏನಂದಿ? ಏನ ಕಮ್ಮಿ ಆತು?" ಅಂತ ಮೊದಲ ಸಲ ನಮ್ಮ ಮಾತಿನಲ್ಲಿ ಕೇಳಿದರು.

ಆಡಿದ್ದೇನೋ ಆಡಿಯಾಗಿತ್ತು, ಇನ್ನು ಹೆದರಿ ಏನು? "ಅಂಚಿಗೆ ಇದ್ರ ತಿರುವಾಕ ಹೆಚ್ಚ ಜೋರು ಬೇಕು ಅನ್ನೂದು ತಿಳೀತ್ರಿ ಸರ್. ರಾಟಿ ತಿರುವಿ ಗೊತ್ತೈತಿ. ಆದ್ರ ದೂರ ಎರಡ ಪಟ್ಟಾದ್ರ ಜೋರು ನಾಕ ಪಟ್ಟು ಯಾಕ್ರಿ? ಎರಡ ಪಟ್ಟು ಯಾಕ ಸಾಲಂಗಿಲ್ಲ?"

ನಗೆ ನಿಂತಿತು. ಸರ್ ನನ್ನನ್ನು ನೋಡಿದರು, ಬೋರ್ಡನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. "ಒಳ್ಳೆ ಪ್ರಶ್ನೆ ಕೇಳಿದಿ, ಕುಂದರ," ಅಂದು ಎಲ್ಲ ಒರೆಸಿದರು. ಒಂದು ಗಾಲಿ ಬರೆದರು. "ನೋಡ್ರಿ. ದೂರ ಎರಡ ಪಟ್ಟಾದ್ರ, ಅದs ಒಂದು ಸುತ್ತಿಗೆ ಆ ಕಲ್ಲು ಎರಡ ಪಟ್ಟು ದಾರಿ ಓಡಬೇಕು. ಅದು ಒಂದು ಎರಡು. ಮತ್ತ ನೀ ನಡುವಿನ ಗುಂಬ ಹಿಡಿದು ತಿರುವಾಕತ್ತಿ. ಕಲ್ಲು ದೂರ ಆದಷ್ಟು ನಿನ್ನ ಕೈಗೆ ಭಾರ. ಅದು ಇನ್ನೊಂದು ಎರಡು. ಎರಡೆರಡ್ಲೆ?" "ನಾಕು!" ಅಂದಿತು ಇಡೀ ಕ್ಲಾಸು. ಸರ್ ನನ್ನ ಕಡೆ ತಿರುಗಿ, "ಈಗ ಹೆಂಗೈತಿ ಉಪ್ಪು?" ಅಂದರು.

ಅಂದಿನಿಂದ ಅವರು 'ಕ್ಲಿಯರ್' ಅನ್ನುವುದು ಕಡಿಮೆಯಾಯಿತು. ಹುಡುಗರೂ ಕೈಯೆತ್ತಿ ಉಪ್ಪು ಕಮ್ಮಿ ಅನ್ನತೊಡಗಿದರು. ಕಾರಿಡಾರಿನಲ್ಲಿ ನನ್ನನ್ನು ಕಂಡರೆ 'ಉಪ್ಪಿನಕ್ಕ' ಅಂತ ಚಾಷ್ಟಿ ಮಾಡುತ್ತಿದ್ದರು. ಮಾಡಲಿ. ಬಿದ್ದು ಹೋದ ಬಾಯಿ ನನಗೆ ತಿರುಗಿ ಸಿಕ್ಕಿತ್ತು.

ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಹಿಡಿದ ಕಾಲಕ್ಕೆ ಪರೀಕ್ಷೆಯಾಯಿತು. ಚೆನ್ನಾಗಿ ಬರೆದೆ ಅಂತ ಹೇಳಲಾರೆ. ಗೊತ್ತಿದ್ದದ್ದನ್ನು ಹೆದರದೆ ಬರೆದೆ. ಊರಿಗೆ ಹೋಗುವಾಗ ಚೀಲ ಪೂರ್ತಿ ತುಂಬಿಕೊಂಡೇ ಹೋದೆ, ತಿರುಗಿ ಬರುತ್ತೇನೋ ಇಲ್ಲವೋ ಅಂತ. ಬನಹಟ್ಟಿಯಲ್ಲಿ ಬಾಯಿ ಮುಚ್ಚಿಕೊಂಡು ರಾಟಿಯ ಮುಂದೆ ಕೂತೆ. ಅವ್ವ ಹೆಗಲಿಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂಡುತ್ತಿದ್ದಳು. ಆಕೆಯ ಮುಖದ ಮೇಲಿನ ಆರಾಮ ಕಂಡು, ಫೇಲಾದರೂ ಒಳ್ಳೆಯದೇ ಅಂತ ಒಂದು ಮನಸ್ಸು ಅನ್ನುತ್ತಿತ್ತು. ಇನ್ನೊಂದು ಮನಸ್ಸು ಗಾಲಿ ತಿರುವಿದಾಗಲೆಲ್ಲ ಎರಡೆರಡ್ಲೆ ನಾಕು ಅನ್ನುತ್ತಿತ್ತು.

ರಿಸಲ್ಟ್ ಬಂದದ್ದು ಒಂದು ಮಧ್ಯಾಹ್ನ. ರೇಣುಕಾಳ ಫೋನು. ಮಗ್ಗದ ಸಪ್ಪಳದಲ್ಲಿ ಏನೂ ಕೇಳಿಸದೆ ಹೊರಗೆ ಓಡಿದೆ. "ಎಲ್ಲಾದ್ರಾಗೂ ಪಾಸ ಆಗೀಯಲೇ! ಫಿಜಿಕ್ಸಿನಾಗ ದಂಡಿಗೆ ಬಂದ ನಿಂತೀ, ಖರೆ ಪಾಸ!" ಒಳಗೆ ಬಂದು ಅಪ್ಪನಿಗೆ ಹೇಳಿದೆ. ಕೇಳಿಸಲಿಲ್ಲ. ಒದರಿದೆ. ಅಪ್ಪ ಎರಡೂ ಮಗ್ಗ ಬಂದ್ ಮಾಡಿದ. ಹಗಲು ಹೊತ್ತಿನಲ್ಲಿ ನಮ್ಮ ಮನೆ ಅಷ್ಟು ಸುಮ್ಮನಾದದ್ದನ್ನು ನಾನು ಕಂಡಿರಲಿಲ್ಲ.

"ಮತ್ತೊಮ್ಮೆ ಹೇಳ," ಅಂದ.

"ಪಾಸಾದ್ನಿ ಅಪ್ಪಾ. ಎಲ್ಲಾದ್ರಾಗೂ."

ಅಪ್ಪ ರಾಟಿ ನೋಡಿದ. ಆಮೇಲೆ ಅವ್ವನನ್ನು ನೋಡಿದ. ಅವನ ಮುಖದ ಮೇಲೆ ಖುಷಿಯೂ ಇತ್ತು, ಇನ್ನು ಯಾರು ಸುತ್ತುವವರು ಅನ್ನುವ ಚಿಂತೆಯೂ ಇತ್ತು. ನಾನು ನೆಲ ನೋಡುತ್ತ ನಿಂತೆ. ನನಗಾಗಿ ಬೇಡುವ ಧೈರ್ಯ ಬರಲಿಲ್ಲ. ಅವ್ವ ಸೆರಗಿಗೆ ಎಣ್ಣೆಗೈ ಒರೆಸಿಕೊಂಡು ಮೇಲೆದ್ದಳು. ಅಪ್ಪನನ್ನು ಸರಿಸಿ ರಾಟಿಯ ಮುಂದೆ ತಾನೇ ಕೂತು, ಎಡಗೈಯಿಂದ ಗಾಲಿ ತಿರುವಿ ನೋಡಿದಳು. ಕಂಡಿಕೆ ಸೊಟ್ಟಪಟ್ಟ ಸುತ್ತಿತು. ಇನ್ನೊಮ್ಮೆ ತಿರುವಿದಳು. ಈ ಸಲ ಸ್ವಲ್ಪ ನೆಟ್ಟಗೆ ಬಂತು.

"ನಡೀತೈತಿ," ಅಂದಳು. ಅಪ್ಪ ಹೋಗಿ ಮಗ್ಗ ಚಾಲು ಮಾಡಿದ. ಆ ಸಪ್ಪಳದ ನಡುವಿನಿಂದ ಅವ್ವ ನನ್ನ ಕಡೆ ಕೂಗಿದಳು:

"ನಾಳಿ ಬುತ್ತಿಗೆ ಏನ ಹಾಕ್ಲಿ?"

ನನಗೆ ಅಳು ಒತ್ತರಿಸಿ ಬಂತು. ಅಳುತ್ತಲೇ, ಓಣಿಯ ಆ ತುದಿಗೂ ಮುಟ್ಟುವಂತೆ ಒದರಿದೆ:

"ಏನರ ಹಾಕ ಬೇ ಯವ್ವಾ! ಉಣ್ಣಾಕಿ ನಾ ಏನ ಅಲ್ಲ!"